ಮೈಕಕ್ಕ ಪಿಸುವನ್ನು ಮಾತಾಡಿಸಿದ್ದು

ಸಭೆಗೆ ತಂದ ಮೈಕು ಕೈಕೊಟ್ಟರೆ ನಮ್ಮ ಸಂಘದವರು ತಲೆ ಕೆಡಿಸಿಕೊಳ್ಳುವುದಿಲ್ಲ. "ಮೈಕಕ್ಕನ್ನ ಮುಂದೆ ತಳ್ರೋ" ಅನ್ನುತ್ತಾರೆ. ಆಕೆ ಚಪ್ಪಲಿ ಬಿಟ್ಟು, ಮೇಜು ಹತ್ತಿ, ಒಂದು ಸಲ ಕೆಮ್ಮಿ ಬಾಯಿ ತೆರೆದರೆ ಸಾಕು. ಕಾರ್ಖಾನೆಯ ಗೇಟಿನೊಳಗಿನ ಮ್ಯಾನೇಜರಿಗೂ ಕೇಳುತ್ತದೆ, ರಸ್ತೆಯಾಚೆ ನಿಂತ ಪೊಲೀಸ್ ವ್ಯಾನಿನ ಡ್ರೈವರಿಗೂ ಕೇಳುತ್ತದೆ. ಆ ಡ್ರೈವರ್ ನಿದ್ದೆಯಿಂದ ದಡಕ್ಕನೆ ಎದ್ದು ಕೂತದ್ದನ್ನು ನಾನೇ ನೋಡಿದ್ದೇನೆ. ಹೊಸದಾಗಿ ಸಂಘಕ್ಕೆ ಬಂದ ಹುಡುಗರು ಆ ಹೆಸರನ್ನು ಹೋರಾಟವೇ ಆಕೆಗೆ ಕೊಟ್ಟದ್ದು ಅಂದುಕೊಂಡಿದ್ದಾರೆ. ವೇದಿಕೆಯ ಮೇಲೆ ಹಾಗೆ ಹೇಳಿ ಚಪ್ಪಾಳೆ ಗಿಟ್ಟಿಸಿದವರೂ ಇದ್ದಾರೆ. ಸುಳ್ಳು. ಆ ಹೆಸರು ಬಿದ್ದದ್ದು ಶಾಲೆಯಲ್ಲಿ. ಅಲ್ಲಿ ಅದರಿಂದ ಆಕೆಗೆ ಆದ ಪೇಚಾಟ ಒಬ್ಬ ಹುಡುಗನ ದೆಸೆಯಿಂದ ಆದದ್ದು.

ಧರಣಿ ಕೂತವರಿಗೆ ಘೋಷಣೆ ಕೂಗಿ ಮುಗಿದ ಮೇಲೆ ಹೊತ್ತು ಹೋಗುವುದೇ ಕಷ್ಟ. ಆಗ ಜನ ಹಳೆಯದನ್ನು ಕೆದಕುತ್ತಾರೆ. ಮೈಕಕ್ಕ ಈ ವಿಷಯವನ್ನು ನನಗೆ ತುಂಡು ತುಂಡಾಗಿ ಹೇಳಿದ್ದು ಹಾಗೆ ಕೂತಾಗಲೇ. ಬರೆಯಲಾ ಅಂತ ಕೇಳಿದೆ.

"ಬರಿ. ಅವನ ನಿಜವಾದ ಹೆಸರು ಮಾತ್ರ ಹಾಕ್ಬೇಡ. ಎಲ್ಲೋ ಹೆಂಡ್ತಿ ಮಕ್ಕಳ ಜೊತೆ ಇರ್ತಾನೆ ಪಾಪ, ನೆಮ್ಮದಿಯಾಗಿ ಇರಲಿ."

ಆಕೆ ಮಗ್ಗದವರ ಮನೆಯ ಹುಡುಗಿ. ಮುಂದೆ ಶೆಡ್ಡು, ಶೆಡ್ಡಿನ ತುಂಬ ಕರೆಂಟಿನ ಮಗ್ಗಗಳು, ಹಿಂದೆ ಮನೆ. ನಡುವೆ ಒಂಟಿ ಇಟ್ಟಿಗೆಯ ಗೋಡೆ. ಅದು ಇದ್ದೂ ಇಲ್ಲದ ಹಾಗೆ. ಮಗ್ಗಗಳು ಮಾಲೀಕನವು, ಶೆಡ್ಡೂ ಮಾಲೀಕನದು, ಸದ್ದು ಮಾತ್ರ ಇವರದು. ಬೆಳಗ್ಗೆ ಕಣ್ಣು ಬಿಡುವ ಮೊದಲೇ ಖಟಾಖಟ್ ಶುರುವಾಗಿರುತ್ತಿತ್ತು. ಅಪ್ಪ ಮಗ್ಗ ನೋಡಿಕೊಳ್ಳುತ್ತಿದ್ದ, ಅಮ್ಮ ನೂಲು ಸುತ್ತುತ್ತಿದ್ದಳು. ಅಜ್ಜಿಗೆ ಒಂದು ಕಾಲದಲ್ಲಿ ಕಿವಿ ಇತ್ತಂತೆ.

ಇಂಥ ಮನೆಯಲ್ಲಿ ಮಾತಿಗೆ ಎರಡೇ ದಾರಿ. ಹತ್ತಿರ ಇದ್ದರೆ ಗಂಟಲು ಹರಿಯುವ ಹಾಗೆ ಕಿರುಚಬೇಕು. ದೂರ ಇದ್ದರೆ, ಅಂದರೆ ಶೆಡ್ಡಿನ ಈ ಕೊನೆಯಿಂದ ಆ ಕೊನೆಗಾದರೆ, ಕಿರುಚಿಯೂ ಉಪಯೋಗವಿಲ್ಲ. ಆಗ ಬರೀ ತುಟಿ. ದನಿ ಇಲ್ಲ, ಉಸಿರೂ ಇಲ್ಲ, ತುಟಿ ಆಡಿಸಿದರೆ ಎದುರಿನವರು ಓದಿಕೊಳ್ಳುತ್ತಾರೆ. ನೂಲು ಹರಿದಿದೆ, ಊಟಕ್ಕೆ ಬಾ, ಮಾಲೀಕ ಬಂದ, ಎಲ್ಲ ತುಟಿಯಲ್ಲೇ. ಅಪ್ಪ ಮಾಲೀಕನ ಎದುರಿಗೇ ನಿಂತು, ಅವನ ಹೆಗಲ ಮೇಲಿನಿಂದ ಅಮ್ಮನ ಕಡೆ ನೋಡುತ್ತ, ಮಾಲೀಕನ ಮೂರು ತಲೆಮಾರಿಗೂ ಬೈಯುತ್ತಿದ್ದನಂತೆ. ಮಾಲೀಕ ಇವನೇನೋ ಜಗಿಯುತ್ತಿದ್ದಾನೆ ಅಂದುಕೊಳ್ಳುತ್ತಿದ್ದ.

ಕರೆಂಟು ಹೋದಾಗ ಬರುತ್ತಿತ್ತು ಪೀಕಲಾಟ. ಮಗ್ಗ ಗಪ್ಪನೆ ನಿಲ್ಲುತ್ತಿತ್ತು, ಬಾಯಿ ನಿಲ್ಲುತ್ತಿರಲಿಲ್ಲ. ಒಮ್ಮೆ ಅಮ್ಮ ಅಪ್ಪನ ಕಿವಿಗೆ ಬಾಯಿಟ್ಟು, "ನಿಮ್ಮಕ್ಕ ಬಂದು ಎಷ್ಟು ದಿನ ಆಯ್ತು, ಎದ್ದು ಹೋಗೋ ಯೋಚನೆ ಇದೆಯಾ ಇಲ್ವಾ ಆ ಹೆಂಗಸಿಗೆ" ಅಂತ ಕೂಗುತ್ತಿದ್ದಾಗ, 'ಎದ್ದು ಹೋಗೋ' ಅನ್ನುವಲ್ಲಿಗೆ ಕರೆಂಟು ಹೋಯಿತು. ಆ ಹೆಂಗಸು ಬಾಗಿಲಲ್ಲೇ ನಿಂತಿತ್ತು. ಸಂಜೆ ಬಸ್ಸಿಗೆ ಹೊರಟಿತು.

ಹೀಗೆ ಬೆಳೆದ ಹುಡುಗಿ ಹೈಸ್ಕೂಲಿಗೆ ಹೋದರೆ ಏನಾಗಬೇಕೋ ಅದೇ ಆಯಿತು. ಪಕ್ಕದವಳ ಕಿವಿಯಲ್ಲಿ ಗುಟ್ಟು ಹೇಳಿದರೆ ಪಕ್ಕದ ಕ್ಲಾಸಿನಲ್ಲಿ ನಗುತ್ತಿದ್ದರು. ಮೇಷ್ಟ್ರು ಹೊರಗೆ ನಿಲ್ಲಿಸಿದರು. "ಹೊರಗಿನಿಂದಲೂ ಕೇಳ್ತಿದೆ ಕಣಮ್ಮ, ಒಳಗೇ ಬಾ" ಅಂದರು. ಒಂದು ದಿನ ಪ್ರಾರ್ಥನೆಯ ಹೊತ್ತಿಗೆ ಶಾಲೆಯ ಮೈಕು ಗೊರಗೊರ ಅಂದು ಸತ್ತುಹೋಯಿತು. ಹೆಡ್‌ಮೇಷ್ಟ್ರು ಕೈಯಲ್ಲಿದ್ದ ಸೂಚನೆಯನ್ನು ಇವಳಿಗೆ ಕೊಟ್ಟು, "ಓದು, ನೀನೇ ಮೈಕು" ಅಂದರು. ಅಲ್ಲಿಂದ ಅವಳ ಹೆಸರನ್ನು ಹಾಜರಿ ಪುಸ್ತಕ ಬಿಟ್ಟರೆ ಬೇರೆ ಯಾರೂ ಬಳಸಲಿಲ್ಲ. ಅವಳಿಗೇನೂ ಬೇಜಾರಿರಲಿಲ್ಲ. ಹೆಮ್ಮೆಯೇ ಇತ್ತು. ಒಂಬತ್ತನೇ ಕ್ಲಾಸಿಗೆ ಆ ಹುಡುಗ ಬಂದು ಸೇರುವವರೆಗೆ.

ಗೋದಾಮಿನ ವಾಚ್‌ಮನ್ನನ ಮಗ. ಉದ್ದಕ್ಕೆ, ತೆಳ್ಳಗೆ, ತೋಳಿಗೆ ಸಾಲದ ಅಂಗಿ. ಮಾತು ಮಾತ್ರ ಬಾಯಿಂದ ಹೊರಗೆ ಬರುತ್ತಲೇ ಇರಲಿಲ್ಲ. ಹಾಜರಿ ಕರೆದಾಗ ಅವನು "ಪ್ರೆಸೆಂಟ್ ಸಾರ್" ಅನ್ನುವುದು ಮುಂದಿನ ಬೆಂಚಿನವನಿಗೂ ಕೇಳದೆ, ಕ್ಲಾಸಿನಲ್ಲಿ ಕೂತೇ ಅವನು ಗೈರುಹಾಜರಾಗಿಬಿಟ್ಟಿದ್ದ. "ಬಾಯಲ್ಲಿ ಹತ್ತಿ ತುರುಕ್ಕೊಂಡಿದೀಯೇನೋ?" ಅಂತ ಮೇಷ್ಟ್ರು ಗದರಿದರೆ, "ಇಲ್ಲ ಸಾರ್" ಅನ್ನುವುದೂ ಕೇಳುತ್ತಿರಲಿಲ್ಲ. ಹುಡುಗರು ಪಿಸು ಅಂತ ಹೆಸರಿಟ್ಟರು.

ದನಿ ಸಣ್ಣದಾದ್ದರಿಂದ ಅವನು ಮಾತಾಡುವಾಗ ಬಾಗುತ್ತಿದ್ದ. ಕೇಳುವವರ ಹತ್ತಿರ ಬಂದು, ಆ ಉದ್ದ ಕತ್ತನ್ನು ಬಗ್ಗಿಸಿ, ಅವರೊಬ್ಬರಿಗೇ ಅನ್ನುವ ಹಾಗೆ ಹೇಳುತ್ತಿದ್ದ. ಪಕ್ಕದವನಿಗೆ ಪೆನ್ಸಿಲ್ ಕೇಳುವುದಾದರೂ ಹಾಗೇ. ಮೈಕು ಇದನ್ನು ನೋಡಿದಳು. ನೋಡಿ ಕೆಟ್ಟಳು.

"ನಮ್ಮನೇಲಿ ಯಾರೂ ನನ್ನ ಹತ್ರ ಬಂದು ಮಾತಾಡಿದ್ದೇ ಇಲ್ಲ ಕಣಯ್ಯ" ಅಂದಳು ನನಗೆ. "ಎಲ್ಲ ಇದ್ದಲ್ಲಿಂದಲೇ ಕೂಗೋದು. ಇವನು ಬಗ್ಗಿ ಮಾತಾಡ್ತಾನಲ್ಲ, ಒಂದ್ಸಲ ನನ್ನ ಹತ್ರ ಹಾಗೆ ಬಗ್ಗಿ ಏನಾದ್ರೂ ಹೇಳ್ಲಿ ಅನ್ನಿಸ್ತು. ಏನಾದ್ರೂ ಸರಿ. ಇವತ್ತು ಸೆಖೆ ಅಂದ್ರೂ ಸಾಕಿತ್ತು."

ಅವಳಿಗೆ ಬೇಕಿದ್ದದ್ದು ಇಷ್ಟೇ. ಹೋಗಿ ಮಾತಾಡಿಸಿದರೆ ಆಯಿತು ಅಂತ ಯಾರಾದರೂ ಹೇಳಬಹುದು. ಹೇಳುವವರ ಗಂಟಲು ಬೇರೆ, ಅವಳ ಗಂಟಲು ಬೇರೆ.

ಮೊದಲ ಸಲ ನಲ್ಲಿಯ ಹತ್ತಿರ. ಊಟದ ಬಿಡುವಿನಲ್ಲಿ ಅವನು ಎಲ್ಲರೂ ಕುಡಿದು ಹೋಗುವವರೆಗೆ ಕಾದು ಕೊನೆಯಲ್ಲಿ ನೀರು ಕುಡಿಯುತ್ತಿದ್ದ. ಇವಳೂ ಕಾದಳು. ಅವನು ಬಾಯಿ ಒರೆಸಿಕೊಂಡು ತಿರುಗಿದಾಗ ಎದೆ ಗಟ್ಟಿ ಮಾಡಿಕೊಂಡು ಕೇಳಿದಳು. ತೀರಾ ಮೆತ್ತಗೆ ಕೇಳಿದೆ ಅನ್ನುವುದು ಅವಳ ಲೆಕ್ಕ.

"ನಿಮ್ಮನೆ ಎಲ್ಲಿ?"

ಮೈದಾನದಲ್ಲಿ ಉರುಳುತ್ತಿದ್ದ ಚೆಂಡು ಅಲ್ಲೇ ನಿಂತಿತು. ಗೋಲಿನ ಕಂಬದ ಹತ್ತಿರದಿಂದ ಒಬ್ಬ, "ನಮ್ದು ಬಸ್‌ಸ್ಟ್ಯಾಂಡ್ ಹಿಂದೆ!" ಅಂದ. ಇನ್ನೊಬ್ಬ, "ನಮ್ಮನೆಗೆ ಯಾವಾಗ ಬರ್ತೀಯ ಮೈಕು? ಅಮ್ಮಂಗೆ ಹೇಳಿರ್ತೀನಿ!" ಅಂದ. ಗಂಟೆ ಬಾರಿಸುವ ಜವಾನ ಜಗಲಿಯಲ್ಲಿ ಕೂತಿದ್ದವನು ತನ್ನನ್ನೇ ಕೇಳಿದ್ದು ಅಂದುಕೊಂಡು, "ಇಲ್ಲೇ ಕಣಮ್ಮ, ಸ್ಕೂಲಿನ ಹಿತ್ತಲಲ್ಲಿ, ಯಾಕೆ?" ಅಂತ ಎದ್ದು ನಿಂತ. ಪಿಸು ಅಷ್ಟು ಹೊತ್ತಿಗೆ ಕ್ಲಾಸು ಸೇರಿದ್ದ.

ಅವಳಿಗೊಬ್ಬ ಗೆಳತಿ ಇದ್ದಳು. ಬಡಗಿಯ ಮಗಳು, ಗಿಡ್ಡಿ ಅಂತ ಕರೆಯುತ್ತಿದ್ದರು. ಅಳತೆಯ ಕೋಲಿನಷ್ಟೇ ನೇರ ಮಾತು.

"ಮನೆ ಕೇಳ್ತಾರೇನೇ ಮೊದಲನೇ ಮಾತಿಗೆ? ನೀನೇನು ಪೋಸ್ಟ್‌ಮ್ಯಾನಾ?"

"ಮತ್ತೇನು ಕೇಳ್ಲಿ?"

"ಏನಾದ್ರೂ ವಸ್ತು ಕೇಳು. ಸ್ಕೇಲು ಕೇಳು. ಕೊಡುವಾಗ ಒಂದು ಮಾತು, ವಾಪಸ್ ಮಾಡುವಾಗ ಒಂದು ಮಾತು. ಒಂದು ಸ್ಕೇಲಿಗೆ ಎರಡು ಮಾತು ಗಿಟ್ಟುತ್ತೆ."

"ಕೇಳಿದ್ರೆ ಇಡೀ ಕ್ಲಾಸಿಗೆ ಕೇಳುತ್ತಲ್ಲೇ."

"ಕೇಳದ ಹಾಗೆ ಕೇಳು."

ಕೇಳದ ಹಾಗೆ ಕೇಳುವುದು ಮೈಕುವಿಗೆ ಗೊತ್ತಿತ್ತು. ಹುಟ್ಟಿದಾರಭ್ಯ ಗೊತ್ತಿತ್ತು. ತನಗೇ ಯಾಕೆ ಹೊಳೆಯಲಿಲ್ಲ ಅಂತ ತಲೆ ಚಚ್ಚಿಕೊಂಡಳು. ಮಾರನೆಯ ದಿನ ಗಣಿತದ ಕ್ಲಾಸಿನಲ್ಲಿ ಮೇಷ್ಟ್ರು ಹಲಗೆಯ ಕಡೆ ತಿರುಗಿ ತ್ರಿಕೋನ ಬರೆಯುತ್ತಿದ್ದಾಗ, ಹುಡುಗಿಯರ ಸಾಲಿನಿಂದ ಹುಡುಗರ ಸಾಲಿನತ್ತ ಬಾಗಿ, ಅವನು ಈ ಕಡೆ ನೋಡುವವರೆಗೆ ಕಾದಳು. ನೋಡಿದ. ಆಗ ತುಟಿ ಆಡಿಸಿದಳು, ಅಪ್ಪನಿಗೆ ಶೆಡ್ಡಿನ ಆಚೆ ತುದಿಗೆ ಹೇಳುವ ಹಾಗೆ, ನಿಧಾನವಾಗಿ, ಬಿಡಿಸಿ ಬಿಡಿಸಿ.

ಸ್ಕೇಲ್ ಕೊಡ್ತೀಯಾ?

ತುಟಿ ಆಡಿದ್ದು ಕಂಡದ್ದೇ ಹುಡುಗನ ಮುಖ ಕಪ್ಪಿಟ್ಟಿತು, ಮಾತು ಮುಗಿಯುವ ಮೊದಲೇ ಕಣ್ಣು ಕೆಳಗೆ ಹಾಕಿದ. ಅವನಿಗೆ ತಿಳಿದಿಲ್ಲ ಅಂದುಕೊಂಡು ಇವಳು ಇನ್ನೊಮ್ಮೆ, ಇನ್ನೂ ಅಗಲವಾಗಿ ತುಟಿ ಆಡಿಸಿದಳು. ಅವನು ಚೀಲ ಎತ್ತಿಕೊಂಡು ಎದ್ದ. ಹಿಂದಿನ ಬೆಂಚಿಗೆ ಹೋಗಿ, ಗೋಡೆಗೆ ಮುಖ ಮಾಡಿ ಕೂತ. ಮೇಷ್ಟ್ರು ತಿರುಗಿ "ಯಾಕೋ?" ಅಂದರು. ಅವನು ಏನೋ ಅಂದ. ಯಾರಿಗೂ ಕೇಳಲಿಲ್ಲ.

ಕ್ಲಾಸು ಬಿಟ್ಟ ಮೇಲೆ ಗಿಡ್ಡಿ ಇವಳ ತೋಳಿಗೆ ಒಂದು ಬಿಟ್ಟಳು.

"ನಿಂಗೆ ಬುದ್ಧಿ ನೆಟ್ಟಗಿದೆಯೇನೇ? ನೀನೂ ಶುರು ಮಾಡ್ಕೊಂಡ್ಯಾ?"

"ಏನು ಶುರು ಮಾಡ್ಕೊಂಡೆ?"

"ಆ ಗಂಡುಮುಂಡೇವು ದಿನಾ ಅವನಿಗೆ ಮಾಡೋದು ಅದೇ ಅಲ್ವಾ! ಎದುರಿಗೆ ನಿಂತ್ಕೊಂಡು ಮೀನಿನ ಹಾಗೆ ಬಾಯಿ ಆಡಿಸ್ತಾರೆ, ಸದ್ದಿಲ್ದೆ. ಆಮೇಲೆ 'ಕೇಳಿಸ್ತೇನೋ ಪಿಸು?' ಅಂತ ಹಲ್ಲು ಕಿರೀತಾರೆ. ನೀನು ನೋಡೇ ಇಲ್ವಾ?"

ನೋಡಿರಲಿಲ್ಲ. ಬಾಯಿ ಆಡಿಸುವುದು ಅಣಕ ಆಗಬಹುದು ಅನ್ನುವುದೇ ಅವಳ ತಲೆಗೆ ಬಂದಿರಲಿಲ್ಲ. ಅವಳ ಮನೆಯಲ್ಲಿ ಅದು ಅನ್ನ ನೀರಿನಷ್ಟೇ ಸಹಜ. ಅವಳಿಗೆ ಗೊತ್ತಿದ್ದ ಎರಡು ದಾರಿಯೂ ಅಲ್ಲಿಗೆ ಮುಚ್ಚಿಹೋದವು. ಗಟ್ಟಿಯಾಗಿ ತಪ್ಪಾಯ್ತು ಅಂದರೆ ಶಾಲೆಯೇ ನೆರೆದು ಅವನ ಮಾನ ಹರಾಜಾಗುತ್ತದೆ. ತುಟಿಯಲ್ಲಿ ಅಂದರೆ ಮತ್ತೆ ಅಣಕ. ನಡುವಿನ ದನಿ ಅಂತ ಒಂದಿದೆಯಲ್ಲ, ಎಲ್ಲರೂ ಮಾತಾಡುವುದು, ಅದು ಅವಳಲ್ಲಿ ಇರಲೇ ಇಲ್ಲ.

"ಚೀಟಿ ಬರಿ" ಅಂದಳು ಗಿಡ್ಡಿ.

"ಚೀಟಿ ಹುಡುಗರ ಕೈಗೆ ಸಿಕ್ರೆ ನಂಗಿಂತ ಜೋರಾಗಿ ಓದ್ತಾರೆ."

"ಹಾಗಾದ್ರೆ ನಾನೇ ಹೋಗಿ ಹೇಳ್ತೀನಿ, ಅವಳು ಅಣಕಿಸಿದ್ದಲ್ಲ ಅಂತ."

"ಬೇಡ. ಬಾಯಿ ನಂದು. ನಾನೇ ಹೇಳ್ತೀನಿ."

ನಡುವಿನ ದನಿಯನ್ನು ಕಲಿಯಲು ಹೊರಟಳು ಪುಣ್ಯಾತ್ಗಿತ್ತಿ. ಮನೆಯಲ್ಲಿ ಅಮ್ಮನ ಹತ್ತಿರ ನಿಂತು, ಮೇಷ್ಟ್ರುಗಳ ಹಾಗೆ, ಸಾಧಾರಣ ದನಿಯಲ್ಲಿ, "ಅಮ್ಮ, ಸೋಪು ಖಾಲಿ ಆಗಿದೆ" ಅಂದಳು. ಅಮ್ಮ ನೂಲಿನಿಂದ ತಲೆ ಎತ್ತಿ, "ಏನು?" ಅಂತ ಕೂಗಿದಳು. ಮತ್ತೆ ಅದೇ ದನಿಯಲ್ಲಿ ಅಂದಳು. ಅಮ್ಮ ಕೈಯಲ್ಲಿದ್ದದ್ದನ್ನು ಬಿಟ್ಟು ಎದ್ದು ಬಂದು ಇವಳ ಬಾಯಿ ಅಗಲಿಸಿ ಒಳಗೆ ನೋಡಿದಳು.

"ಗಂಟಲು ಬಿದ್ದೋಗಿದೆ ಹುಡುಗೀದು!"

ಅಜ್ಜಿ ಮೂಲೆಯಿಂದ, "ಏನಂತೆ?" ಅಂತ ಅರಚಿದಳು.

"ಮಾತು ನಿಂತೋಗಿದೆ ಅತ್ತೆ!"

"ನಂಗೂ ಕೇಳಿಸ್ತಿಲ್ಲ! ನಿಂತೋಗಿದೆ!"

ಅಪ್ಪ ಮಗ್ಗ ನಿಲ್ಲಿಸಿದ. ಮಗಳಿಗೆ ಜ್ವರ ಬಂದಾಗಲೂ ಮಗ್ಗ ನಿಲ್ಲಿಸದವನು ಅವತ್ತು ನಿಲ್ಲಿಸಿ, ಶೆಡ್ಡಿನ ಬಾಗಿಲಿಗೆ ಬಂದು, ತುಟಿಯಲ್ಲೇ "ಏನಾಯ್ತು?" ಅಂದ. ಇವಳು "ಏನೂ ಇಲ್ಲ, ಬಿಡ್ರೋ ನನ್ನ!" ಅಂತ ಹಳೇ ದನಿಯಲ್ಲಿ ಚೀರಿದಳು. ಎಲ್ಲರಿಗೂ ಸಮಾಧಾನವಾಯಿತು. ಬಿಸಿನೀರು ಕುಡಿಸಿ ಮಲಗಿಸಿದರು. ನಡುವಿನ ದನಿಯ ಪಾಠ ಅಲ್ಲಿಗೆ ಮುಗಿಯಿತು.

ಶಾಲೆಯಲ್ಲಿ ಹುಡುಗ ಇವಳ ಕಡೆ ತಲೆ ಎತ್ತುತ್ತಿರಲಿಲ್ಲ. ನಲ್ಲಿಗೆ ಬರುವುದನ್ನೂ ಬಿಟ್ಟ. ಅವನು ಇಡೀ ದಿನ ನೀರು ಕುಡಿಯದೆ ಇರುವುದನ್ನು ಇವಳಿಗೆ ತಡೆಯಲಾಗಲಿಲ್ಲ. ಶಾಲೆಯಲ್ಲಿ ಕಿವಿಗಳು ಜಾಸ್ತಿ, ಮನೆಗೇ ಹೋದರೆ ಅವನೊಬ್ಬನೇ ಇರುತ್ತಾನೆ, ಎಷ್ಟು ಜೋರಾಗಿ ಹೇಳಿದರೂ ಚಿಂತೆಯಿಲ್ಲ ಅಂತ ಯೋಚಿಸಿದಳು. ಒಂದು ಭಾನುವಾರ ಮಧ್ಯಾಹ್ನ, ಗೋದಾಮಿನ ಬೀದಿ ಕೇಳಿಕೊಂಡು ಹೊರಟೇಬಿಟ್ಟಳು.

ಗೋದಾಮಿನ ಹಿಂದೆ ಸಾಲುಮನೆಗಳು. ಒಂದೊಂದು ಬಾಗಿಲು, ಒಂದೊಂದು ಕಿಟಕಿ. ಯಾವ ಬಾಗಿಲು ಅವನದು ಅಂತ ಗೊತ್ತಿಲ್ಲ. ಬೀದಿಯ ನಡುವೆ ನಿಂತಳು. ಅವನ ನಿಜವಾದ ಹೆಸರು ಆ ಹೊತ್ತಿಗೆ ಬಾಯಿಗೇ ಬರಲಿಲ್ಲ.

"ಪಿಸೂ! ಏಯ್ ಪಿಸೂ!"

ಕಿಟಕಿಗಳು ತೆರೆದವು. ಗೋದಾಮಿನ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಮೂಲೆಮನೆಯ ಬಾಗಿಲು ತೆರೆದು ಒಬ್ಬ ಹೆಂಗಸು ಸರಸರ ಬಂದಳು. ಸಿಟ್ಟಿನಿಂದ ಮುಖ ಕೆಂಡ. ಒಂದು ಕೈಯಲ್ಲಿ ಇವಳ ರಟ್ಟೆ ಹಿಡಿದು, ಇನ್ನೊಂದು ಕೈಯ ಬೆರಳನ್ನು ತುಟಿಗಿಟ್ಟು, ದರದರ ಎಳೆದು ತನ್ನ ಹೊಸ್ತಿಲ ಹತ್ತಿರ ನಿಲ್ಲಿಸಿ ಬೈಯತೊಡಗಿದಳು. ದನಿಯೇ ಇಲ್ಲ. ಬರೀ ತುಟಿ.

ಯಾವ ಮನೆ ಕತ್ತೆ ನೀನು? ರಾತ್ರಿಯೆಲ್ಲ ನಿಂತು ಬಂದವರು ಈಗ ತಾನೇ ಕಣ್ಣು ಮುಚ್ಚಿದಾರೆ. ನನ್ನ ಮಗನಿಗೆ ಹೆಸರಿಲ್ವಾ?

ಮೈಕುವಿಗೆ ಒಂದೊಂದು ಅಕ್ಷರವೂ ತಿಳಿಯಿತು. ತೆರೆದ ಬಾಗಿಲಿನಿಂದ ಒಳಗೂ ಕಂಡಿತು. ಒಂದೇ ಕೋಣೆ. ಗೋಡೆಗೆ ಮುಖ ಮಾಡಿ, ತಲೆಯವರೆಗೆ ಹೊದ್ದು ಮಲಗಿದ ಗಂಡಸು. ಪಾತ್ರೆಗಳನ್ನು ಸದ್ದಾಗದಂತೆ ಗೋಣಿಯ ಮೇಲೆ ಬೋರಲು ಹಾಕಿತ್ತು. ಬಾಗಿಲ ಚಿಲಕಕ್ಕೆ ಬಟ್ಟೆ ಸುತ್ತಿತ್ತು. ಒಂದು ಸಣ್ಣ ಹುಡುಗಿ ನೆಲದ ಮೇಲೆ ಗೊಂಬೆ ಆಡಿಸುತ್ತ, ಆ ಗೊಂಬೆಗೂ ತುಟಿಯಲ್ಲೇ ಬೈಯುತ್ತಿತ್ತು.

ರಾತ್ರಿ ಪಾಳಿಯವರು ಹಗಲು ಮಲಗುತ್ತಾರೆ, ಹಗಲು ಮಲಗಬೇಕಾದರೆ ಮನೆಮಂದಿ ಬಾಯಿ ಮುಚ್ಚಿಕೊಂಡು ಬದುಕಬೇಕು. ಇಷ್ಟು ಸರಳ ವಿಷಯ ಶಾಲೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ, ಮೇಷ್ಟ್ರುಗಳಿಗೂ. ನಾವು ಸಂಬಳ, ರಜೆ, ಪಾಳಿ ಅಂತ ಎಷ್ಟೋ ಬೇಡಿಕೆ ಇಟ್ಟಿದ್ದೇವೆ. ಕೆಲಸ ಮಕ್ಕಳ ಗಂಟಲಿಗೂ ಕೈ ಹಾಕುತ್ತದೆ ಅನ್ನುವುದನ್ನು ಯಾವ ಬೇಡಿಕೆಯಲ್ಲೂ ಬರೆದಿಲ್ಲ.

ಇವಳು ಹೆದರಿದ್ದಳು. ಹೆದರಿದಾಗ ಮನೆಯ ಅಭ್ಯಾಸವೇ ಬರುವುದು. ತುಟಿಯಲ್ಲೇ ಉತ್ತರ ಕೊಟ್ಟಳು.

ತಪ್ಪಾಯ್ತು ಅಮ್ಮಾ. ಮಲಗಿದಾರೆ ಅಂತ ಗೊತ್ತಿರ್ಲಿಲ್ಲ.

ಹೆಂಗಸಿನ ಬೈಗುಳ ಅರ್ಧಕ್ಕೇ ನಿಂತಿತು. ರಟ್ಟೆಯ ಮೇಲಿನ ಹಿಡಿತ ಸಡಿಲಾಯಿತು.

ನಿಂಗೆ ಇದು ಹೇಗೆ ಬರುತ್ತೆ?

ನಮ್ದು ಮಗ್ಗದ ಮನೆ. ಸದ್ದಿಗೆ ಏನೂ ಕೇಳಲ್ಲ. ಎಲ್ಲ ಹೀಗೇ ಮಾತಾಡೋದು.

ಊಟಕ್ಕೆ ಕರೆಯೋದೂ?

ಊಟಕ್ಕೂ, ಬೈಯೋಕೂ.

ಹೆಂಗಸಿನ ಮುಖದಲ್ಲಿ ನಗು ಬರುವ ಹಾಗಾಗಿ ತಡೆಯಿತು. ಆಗ ಅವಳ ಬೆನ್ನ ಹಿಂದೆ, ಬಾಗಿಲ ಸಂದಿಯಲ್ಲಿ, ಹುಡುಗ ಬಂದು ನಿಂತ. ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ. ತನ್ನ ತಾಯಿ ಮತ್ತು ಈ ಮೈಕು, ಇಬ್ಬರೂ ಒಂದು ಚೂರು ದನಿ ಇಲ್ಲದೆ ಸರಾಗವಾಗಿ ಮಾತಾಡುತ್ತಿರುವುದನ್ನು ಕಣ್ಣು ಕಿಸಿದು ನೋಡುತ್ತಿದ್ದ. ಮೈಕು ತಾಯಿಯ ಹೆಗಲ ಮೇಲಿನಿಂದ ಅವನಿಗೆ ಅಂದಳು:

ಅವತ್ತು ಅಣಕಿಸಿದ್ದಲ್ಲ ಕಣೋ. ಸ್ಕೇಲ್ ಕೇಳಿದ್ದು.

ಆ ಮನೆಯಲ್ಲಿ ತುಟಿ ಓದಲು ಬರುವುದು ಮಗನಿಗೊಬ್ಬನಿಗೇ ಅಲ್ಲವಲ್ಲ. ತಾಯಿ ಗಕ್ಕನೆ ಮಗನ ಕಡೆ ತಿರುಗಿದಳು.

ಯಾವ ಸ್ಕೇಲು?

ಹುಡುಗನ ಕಿವಿ ಕೆಂಪಗಾದವು. ಅವನು ಬೆಕ್ಕಿನ ಹಾಗೆ ಒಳಗೆ ಹೋಗಿ, ಚೀಲದಿಂದ ಮರದ ಸ್ಕೇಲು ತೆಗೆದು ತಂದು ಕೊಟ್ಟ. ಆ ಹೊತ್ತಿಗೆ ಹೊದಿಕೆಯೊಳಗೆ ಗಂಡಸು ಮಗ್ಗುಲಾದ. ತಾಯಿ, ಮಗ, ಗೊಂಬೆಯ ಹುಡುಗಿ, ಮೈಕು, ನಾಲ್ವರೂ ಉಸಿರು ಹಿಡಿದು ನಿಂತರು.

"ಯಾರೇ ಅದು? ಕಾರ್ಖಾನೆ ಸೈರನ್ನು ಕೂಗ್ತಾ?" ಅಂತ ನಿದ್ದೆಗಣ್ಣಿನ ದನಿ ಬಂತು.

"ಏನಿಲ್ಲ, ಮಲಗಿ" ಅಂದಳು ಹೆಂಡತಿ. ಇವಳ ಕಡೆ ತಿರುಗಿ, ತುಟಿಯಲ್ಲಿ: ಈಗ ಹೊರಡು. ಇನ್ನೊಂದ್ಸಲ ಬಂದ್ರೆ ಬಾಗಿಲ ಹತ್ರ ಬಂದು ನಿಲ್ಲು, ಕೂಗ್ಬೇಡ. ನಾನೇ ನೋಡ್ತೀನಿ.

ಸೋಮವಾರ ನಲ್ಲಿಯ ಹತ್ತಿರ ಅವನು ಬಂದ. ಇವಳು ಸ್ಕೇಲು ವಾಪಸ್ ಕೊಡಬೇಕಿತ್ತಲ್ಲ. ಹುಡುಗರು ಇದನ್ನು ಮೂಸಿ ಕಂಡುಹಿಡಿದು ಸುತ್ತ ನಿಂತರು, ಈಗ ಏನೋ ಅನೌನ್ಸ್ ಆಗುತ್ತದೆ ಅಂತ. ಮೈಕು ಸ್ಕೇಲು ಚಾಚಿ ತುಟಿ ಆಡಿಸಿದಳು. ಅವನು ನೋಡಿ, ಆ ಉದ್ದ ಕತ್ತನ್ನು ಬಗ್ಗಿಸಿ, ಅವಳ ಕಿವಿಯ ಹತ್ತಿರ ಏನೋ ಅಂದ. ಅವಳು ಮತ್ತೆ ತುಟಿ ಆಡಿಸಿದಳು. ಅವನು ಮತ್ತೆ ಬಗ್ಗಿದ. ಹುಡುಗರಿಗೆ ಏನೂ ದಕ್ಕಲಿಲ್ಲ.

"ಮೈಕು ಕೆಟ್ಟೋಗಿದೆ ಕಣ್ರೋ, ಬನ್ನಿ" ಅಂತ ಹೊರಟುಹೋದರು.

"ಏನಂದ ಬಗ್ಗಿ?" ಅಂತ ನಾನು ಕೇಳಿದೆ.

"ಲಾರಿ."

"ಲಾರಿ?"

"ಗೋದಾಮಿಗೆ ಬರೋ ಲಾರಿಗಳ ವಿಷಯ. ಯಾವುದರ ಬ್ರೇಕು ಸರಿ ಇಲ್ಲ, ಯಾವ ಡ್ರೈವರು ಹಿಂದೆ ತಗೊಳ್ಳುವಾಗ ಗೋಡೆಗೆ ಗುದ್ದಿದ. ಅವತ್ತೂ ಲಾರಿ, ಮಾರನೇ ದಿನವೂ ಲಾರಿ. ಬೇರೆ ಮಾತೇ ಇರ್ಲಿಲ್ಲ ಆ ಪ್ರಾಣಿಗೆ. ಒಂಬತ್ತು, ಹತ್ತು, ಎರಡೂ ಕ್ಲಾಸು ಲಾರಿ ಕೇಳಿದೀನಿ ನಾನು."

"ಬೇಜಾರಾಗ್ಲಿಲ್ವಾ?"

"ಬಗ್ಗಿ ಹೇಳ್ತಿದ್ದನಲ್ಲ" ಅಂದಳು.

ಒಂದು ಉಪಕಾರವನ್ನು ಅವಳೂ ಮಾಡಿದಳು. ಹಾಜರಿಯಲ್ಲಿ ಅವನ ಹೆಸರು ಬಂದಾಗ ಈ ಕಡೆಯಿಂದ, "ಬಂದಿದಾನೆ ಸಾರ್!" ಅಂತ ಗುಡುಗುತ್ತಿದ್ದಳು. "ನೀನೇನು ಅವನ ವಕೀಲಳಾ?" ಅಂದರು ಮೇಷ್ಟ್ರು. ಆದರೂ ಹಾಜರಿ ಹಾಕಿದರು. ಅವನು ಗೈರುಹಾಜರಾಗುವುದು ನಿಂತಿತು.

ಹತ್ತನೇ ಕ್ಲಾಸು ಮುಗಿಯುವ ಹೊತ್ತಿಗೆ ಇಬ್ಬರ ದಾರಿಯೂ ತೀರ್ಮಾನವಾಗಿತ್ತು, ಅವರನ್ನು ಯಾರೂ ಕೇಳದೆಯೇ. ಅವಳ ಅಪ್ಪನ ಭುಜ ಎತ್ತಲಾಗದಂತೆ ಕೆಟ್ಟಿತ್ತು. ಪರೀಕ್ಷೆ ಮುಗಿದ ಮಾರನೆಯ ದಿನದಿಂದ ಅವಳು ಮಗ್ಗಕ್ಕೆ ನಿಲ್ಲಬೇಕು. ನಿಂತಳು, ಇವತ್ತಿಗೂ ನಿಂತಿದ್ದಾಳೆ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ಮಗ್ಗ ರಿಪೇರಿ ಮಾಡುವವನೊಬ್ಬನನ್ನು ಮದುವೆಯಾದಳು, ಇಬ್ಬರು ಹೆಣ್ಣುಮಕ್ಕಳು. ಗಂಡನಿಗೆ ಈ ಕಥೆ ಗೊತ್ತು. ರಸ್ತೆಯಲ್ಲಿ ಲಾರಿ ಹೋದರೆ, "ನೋಡೇ, ನಿನ್ನವನು" ಅನ್ನುತ್ತಾನೆ. ಆ ಕಡೆ ಗೋದಾಮನ್ನು ಬೇರೆ ಊರಿಗೆ ಸಾಗಿಸುವುದೆಂದು ಆಗಲೇ ಹೇಳಿದ್ದರು. ವಾಚ್‌ಮನ್ನನ ಸಂಸಾರವೂ ಅದರ ಜೊತೆ ಸಾಗಬೇಕಿತ್ತು. ಪಿಸು ಮುಂದೆ ಏನಾದ ಅಂತ ಮೈಕಕ್ಕನಿಗೆ ಗೊತ್ತಿಲ್ಲ. "ಲಾರಿ ಓಡಿಸ್ತಿರ್ಬೇಕು. ಇಲ್ಲಾಂದ್ರೆ ಲಾರಿ ಕೆಳಗೆ ಮಲಗಿ ನಟ್ಟು ಬಿಗೀತಿರ್ಬೇಕು."

ಕೊನೆಯ ಪರೀಕ್ಷೆಯ ದಿನ ಮಾತ್ರ ಅವಳು ಲಾರಿ ಕೇಳುವ ಸ್ಥಿತಿಯಲ್ಲಿರಲಿಲ್ಲ. ಇಷ್ಟು ಕಾಲ ಮಾತಾಡಿದ್ದರೂ ಕೇಳಬೇಕಾದ ಒಂದನ್ನು ಕೇಳಿರಲಿಲ್ಲ. ಇವತ್ತು ಬಿಟ್ಟರೆ ಇನ್ನು ಕೇಳಲು ಹುಡುಗನೇ ಇರುವುದಿಲ್ಲ. ನಲ್ಲಿಯ ಹತ್ತಿರ ನಿಂತಿದ್ದರು. ಮೈದಾನದ ತುಂಬ ಪರೀಕ್ಷೆ ಬರೆದು ಹೊರಬಿದ್ದ ಮಕ್ಕಳು, ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರು, ಉತ್ತರ ಪತ್ರಿಕೆಯ ಕಟ್ಟು ಹಿಡಿದ ಮೇಷ್ಟ್ರುಗಳು. ಅವನು ಯಾವುದೋ ಹೊಸ ಲಾರಿಯ ಟೈರಿನ ಬಗ್ಗೆ ಹೇಳುತ್ತಿದ್ದ. ಇವಳು ಕೈ ಅಡ್ಡ ಹಿಡಿದು ನಿಲ್ಲಿಸಿ, ತುಟಿಯಲ್ಲಿ ಕೇಳಿದಳು.

ನಾನಂದ್ರೆ ನಿಂಗೆ ಇಷ್ಟಾನಾ?

ಅವನು ಕಣ್ಣು ಪಿಳಿಪಿಳಿ ಬಿಟ್ಟ. ಬಗ್ಗಿ, "ಏನಂದೆ? ಗೊತ್ತಾಗ್ಲಿಲ್ಲ" ಅಂದ.

ಗೊತ್ತಾಗಿತ್ತು. ಇಷ್ಟು ಕಾಲದಲ್ಲಿ ಅವಳ ತುಟಿಯ ಒಂದು ಮಾತನ್ನೂ ಅವನು ತಪ್ಪಿಸಿಕೊಂಡವನಲ್ಲ. ನಾಟಕ ಆಡುತ್ತಿದ್ದ. ಇವಳು ಇನ್ನೊಮ್ಮೆ ಕೇಳಿದಳು, ಅದೇ ತುಟಿಯಲ್ಲಿ, ಇನ್ನೂ ಬಿಡಿಸಿ. ಅವನು ನೆಲ ನೋಡುತ್ತ, "ಗೊತ್ತಾಗ್ತಿಲ್ಲ" ಅಂದ.

ಮೈಕುವಿಗೆ ಪಿತ್ತ ನೆತ್ತಿಗೇರಿತು. ನಾಳೆಯಿಂದ ಮಗ್ಗ, ನಾಳೆಯಿಂದ ಇವನಿಲ್ಲ, ಇವನು ಇಲ್ಲಿ ನಿಂತು ಕಿವುಡನ ವೇಷ ಹಾಕುತ್ತಿದ್ದಾನೆ. ಒಂದು ಹೆಜ್ಜೆ ಹಿಂದೆ ಸರಿದು, ದೇವರು ಕೊಟ್ಟ ದನಿಯಲ್ಲಿ, ಒಂದಕ್ಷರ ಬಿಡದೆ ಕೇಳಿದಳು.

"ನಾನಂದ್ರೆ ನಿಂಗೆ ಇಷ್ಟಾನಾ?"

ಅಪ್ಪ ಅಮ್ಮಂದಿರು ತಿರುಗಿದರು. ಹೆಡ್‌ಮೇಷ್ಟ್ರು ಕನ್ನಡಕ ತೆಗೆದರು. ಗಿಡ್ಡಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹುಡುಗ ಬೆವರಿದ. ಓಡುತ್ತಾನೆ ಅಂತ ಎಲ್ಲರೂ ಅಂದುಕೊಂಡರು, ಮೈಕುವೂ ಅಂದುಕೊಂಡಳು.

ಅವನು ಓಡಲಿಲ್ಲ. ಈ ಸಲ ಬಗ್ಗಲೂ ಇಲ್ಲ. ಉದ್ದಕ್ಕೆ ನೆಟ್ಟಗೆ ನಿಂತು, "ಹೂಂ" ಅಂದ. ಹಿಂದಿನ ಬೆಂಚಿನಿಂದ ಹೊರಗೇ ಬಾರದ ಆ ದನಿ ಅವತ್ತು ಗೇಟಿನವರೆಗೆ ಕೇಳಿತಂತೆ. ಗಣಿತದ ಮೇಷ್ಟ್ರು, "ಇವನಿಗೆ ಮಾತು ಬರುತ್ತೇನ್ರೀ!" ಅಂದರಂತೆ.

"ಆಮೇಲೆ?" ಅಂದೆ.

"ಆಮೇಲೆ ಏನು?"

"ಅಷ್ಟು ಜನದ ಎದುರಿಗೆ ಹೂಂ ಅಂದ. ನೀನೇನು ಮಾಡ್ದೆ?"

"ನಾನೂ ಹೂಂ ಅಂದೆ. ಮತ್ತೇನು ಮಾಡ್ಲಿ? ಅವನು ಅವನ ಮನೆಗೆ ಹೋದ, ನಾನು ನಮ್ಮನೆಗೆ ಹೋದೆ. ಬೆಳಗ್ಗೆಯಿಂದ ಹೊಟ್ಟೆಗೇನೂ ಬಿದ್ದಿರ್ಲಿಲ್ಲ, ಹಸಿವು ಕಿತ್ಕೊಂಡು ಬರ್ತಿತ್ತು."